ಹಳೆಯ ಸ್ಪೋರ್ಟ್ಸ್ ಕಾರಿಗೆ ಟೈರ್ ಆಯ್ಕೆ: ಅಗಲವೊಂದೇ ಲೆಕ್ಕವಲ್ಲ

ವ್ಯಾಪಾರಸ್ಥರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳಲ್ಲಿ ಹಳೆಯ ಕಾರುಗಳ ಬಗ್ಗೆ ಆಸಕ್ತಿ ಹೆಚ್ಚುತ್ತಿದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಕಾರುಗಳನ್ನು ನೋಡಿದವರು ನಮ್ಮಲ್ಲಿ ಅನೇಕರು. 2023ರಲ್ಲಿ ಶ್ರೀರಂಗಪಟ್ಟಣದ ಬಳಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸ್ಥಾಪಿಸಿದ ‘ಪಯಣ’ ಸಂಗ್ರಹಾಲಯವೂ ತೆರೆದ ಮೇಲೆ, ಮನೆಯ ಷೆಡ್ಡಿನಲ್ಲಿ ಧೂಳು ಹಿಡಿದು ನಿಂತಿರುವ ವಾಹನಕ್ಕೂ ಒಂದು ಬೆಲೆ ಇದೆ ಎಂಬ ಅರಿವು ಮೂಡಿದೆ. ಇಂತಹ ವಾಹನವನ್ನು ಓಡುವ ಸ್ಥಿತಿಗೆ ತರಲು ಹೊರಟವರಿಗೆ ಮೊದಲು ಎದುರಾಗುವ ದೊಡ್ಡ ಖರ್ಚುಗಳಲ್ಲಿ ಟೈರೂ ಒಂದು. ಅಳತೆಯ ಆಯ್ಕೆಯಲ್ಲಿ ಎಡವಿದರೆ ಟೈರಿನ ಹಣವಷ್ಟೇ ಅಲ್ಲ, ಸುರಕ್ಷತೆ, ನೋಂದಣಿ ಮತ್ತು ತೆರಿಗೆಯ ವಿಷಯದಲ್ಲಿಯೂ ನಷ್ಟ ಸಂಭವಿಸುತ್ತದೆ. ಈ ದೃಷ್ಟಿಯಿಂದ ವಿಷಯವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಅಂಕಿಗಳ ಅರ್ಥ

ಅಂಬಾಸಡರ್ ಕಾರಿನ 5.90-15, ಪ್ರೀಮಿಯರ್ ಪದ್ಮಿನಿಯ 5.20-14 ಎಂಬ ಅಳತೆಗಳು ಹಳಬರಿಗೆ ಬಾಯಿಪಾಠ. ಇಲ್ಲಿ ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಅಂಗುಲಗಳಲ್ಲಿ. ರೇಡಿಯಲ್ ಟೈರುಗಳ ಬರಹ ಬೇರೆ ಕ್ರಮದ್ದು. 185/70 ಆರ್ 15 ಎಂದರೆ ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 70, ರಿಮ್ಮಿನ ವ್ಯಾಸ 15 ಅಂಗುಲ. ಒಂದು ಅಂಗುಲಕ್ಕೆ 25.4 ಮಿ.ಮೀ.ನಂತೆ ರಿಮ್ಮಿನ ವ್ಯಾಸ 381 ಮಿ.ಮೀ.; ಅದಕ್ಕೆ ಮೇಲೆ ಕೆಳಗೆ ಎರಡು ಗೋಡೆಗಳ 259 ಮಿ.ಮೀ. ಕೂಡಿಸಿದರೆ ಟೈರಿನ ಒಟ್ಟು ವ್ಯಾಸ 640 ಮಿ.ಮೀ. ಆಗುತ್ತದೆ. ಈ ಒಂದು ಲೆಕ್ಕ ಗೊತ್ತಿದ್ದರೆ ಅಂಗಡಿಯವರ ಮಾತನ್ನು ಅಳೆದು ನೋಡಬಹುದು.

ಒಂದು ನಿದರ್ಶನ

ಕಿರಿದಾದ ಒಡಲಿನ ಸ್ಪೋರ್ಟ್ಸ್ ಕಾರಿಗೆ ಪೋರ್ಷೆ 911 ಪ್ರಸಿದ್ಧ ಉದಾಹರಣೆ. 1964ರಲ್ಲಿ ತಯಾರಿಕೆ ಆರಂಭವಾದಾಗ ಇದಕ್ಕೆ 4.5 ಅಂಗುಲ ಅಗಲದ ರಿಮ್, 165-15 ಟೈರ್ ಇದ್ದವು. ಮುಂದೆ ರಿಮ್ 5.5 ಅಂಗುಲಕ್ಕೂ ನಂತರ 6 ಅಂಗುಲಕ್ಕೂ ಹಿಗ್ಗಿತು; ಟೈರ್ 185/70-15 ಆಯಿತು. 1973ರ ಕರೇರಾ ಆರ್.ಎಸ್. ಮಾದರಿಯಲ್ಲಿ ಹಿಂಬದಿಗೆ 7 ಅಂಗುಲದ ರಿಮ್ ಮತ್ತು 215/60 ಟೈರ್ ಕೂರಿಸಲು ತಯಾರಕರೇ ಹಿಂಭಾಗದ ಮಡ್‌ಗಾರ್ಡನ್ನು ಅಗಲಗೊಳಿಸಬೇಕಾಯಿತು. ಅಗಲವಾದ ಟೈರ್ ಬೇಕಾದರೆ ಒಡಲೂ ಅದಕ್ಕೆ ತಕ್ಕಂತಿರಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

185/70ಕ್ಕೆ ಬದಲಾಗಿ ಬರಬಹುದಾದ ಅಳತೆಗಳ ಒಟ್ಟು ವ್ಯಾಸವನ್ನು ಹೋಲಿಸಿ ನೋಡೋಣ:

1. 195/65 ಆರ್ 15: ಸುಮಾರು 635 ಮಿ.ಮೀ. ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ.
2. 205/60 ಆರ್ 15: 627 ಮಿ.ಮೀ. ವ್ಯತ್ಯಾಸ ಸುಮಾರು ಶೇ. 2.
3. 195/60 ಆರ್ 15: 615 ಮಿ.ಮೀ. ವ್ಯತ್ಯಾಸ ಸುಮಾರು ಶೇ. 4.

ಮೂರನೆಯದನ್ನು ಹಾಕಿದರೆ ಸ್ಪೀಡೋಮೀಟರ್ 100 ಕಿ.ಮೀ. ತೋರಿಸುವಾಗ ಕಾರು ಹಿಂದಿನ ಟೈರಿನಲ್ಲಿ 100 ಓಡುತ್ತಿದ್ದ ಕಡೆ 96 ಮಾತ್ರ ಓಡಿರುತ್ತದೆ. ಪೆಟ್ರೋಲಿನ ಲೆಕ್ಕವೂ ಅಷ್ಟೇ ತಪ್ಪುತ್ತದೆ, ಕಾರು ನೆಲಕ್ಕೆ ಹತ್ತಿರವಾಗುತ್ತದೆ, ಎಂಜಿನ್ ಹೆಚ್ಚು ಸುತ್ತು ತಿರುಗುತ್ತದೆ. ಮೊದಲನೆಯ ಅಳತೆಯಲ್ಲಿ ಈ ತೊಂದರೆಗಳು ಗಮನಕ್ಕೆ ಬಾರದಷ್ಟು ಅಲ್ಪ.

ರಿಮ್ಮಿನ ಅಗಲ ಎರಡನೆಯ ಪರೀಕ್ಷೆ. 185/70 ಟೈರಿಗೆ 4.5ರಿಂದ 6 ಅಂಗುಲದ ರಿಮ್ ಒಪ್ಪುತ್ತದೆ. 195/65ಕ್ಕೆ 5.5ರಿಂದ 7, 205/60ಕ್ಕೆ 5.5ರಿಂದ 7.5 ಅಂಗುಲ ಬೇಕು. ಆದ್ದರಿಂದ 6 ಅಂಗುಲದ ರಿಮ್ ಇರುವ ಕಾರಿಗೆ 195/65 ಧಾರಾಳವಾಗಿ ಕೂರುತ್ತದೆ. ಆರಂಭದ 4.5 ಅಂಗುಲದ ರಿಮ್ ಇದ್ದರೆ ಅದನ್ನು ಹಾಕಬಾರದು. 165ರ ಮೂಲ ಅಳತೆಯೇ ಸರಿ. ಕಿರಿದಾದ ರಿಮ್ಮಿಗೆ ಅಗಲ ಟೈರ್ ತುರುಕಿದರೆ ಪಕ್ಕದ ಗೋಡೆ ಉಬ್ಬಿ, ತಿರುವಿನಲ್ಲಿ ಕಾರು ತೂಗಾಡುತ್ತದೆ.

ಮೂರನೆಯದು ಭಾರ ಮತ್ತು ವೇಗದ ಸಂಕೇತ. 91 ಎಚ್ ಎಂದು ಬರೆದಿದ್ದರೆ ಒಂದು ಟೈರ್ 615 ಕಿ.ಗ್ರಾಂ. ಭಾರ ಹೊರಬಲ್ಲದು, ಗಂಟೆಗೆ 210 ಕಿ.ಮೀ. ವೇಗಕ್ಕೆ ಯೋಗ್ಯ ಎಂದರ್ಥ. ಸುಮಾರು 1,100 ಕಿ.ಗ್ರಾಂ. ತೂಕದ ಕಾರಿಗೆ ಈ ಭಾರಸಾಮರ್ಥ್ಯ ಸಾಕಷ್ಟಾಯಿತು. ಎಂಜಿನ್ ಹಿಂದಿರುವ ಕಾರಿನಲ್ಲಿ ಹಿಂದಿನ ಚಕ್ರಗಳ ಮೇಲೆ ಹೆಚ್ಚು ಭಾರ ಬೀಳುವುದರಿಂದ ಅಲ್ಲಿ ಮುಂದಿನದಕ್ಕಿಂತ ಹೆಚ್ಚು ಗಾಳಿ ಹಾಕಬೇಕು. ಪಂಕ್ಚರ್ ಅಂಗಡಿಯಲ್ಲಿ ನಾಲ್ಕಕ್ಕೂ ಒಂದೇ ಒತ್ತಡ ತುಂಬಿಸುವ ರೂಢಿ ಇಲ್ಲಿ ನಡೆಯದು.

ಅಗಲ ಹೆಚ್ಚಿದಷ್ಟೂ ಹಿಡಿತ ಹೆಚ್ಚು ಎಂಬ ನಂಬಿಕೆ ಅರ್ಧ ಸತ್ಯ. ನೀರು ನಿಂತ ರಸ್ತೆಯಲ್ಲಿ ಕಿರಿದಾದ ಟೈರ್ ನೀರನ್ನು ಸೀಳಿ ನೆಲ ಮುಟ್ಟುತ್ತದೆ. ಅಗಲವಾದದ್ದು ಬೇಗನೆ ನೀರಿನ ಮೇಲೆ ತೇಲುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಹಳೆಯ ಕಾರಿನಲ್ಲಿ ಅಗಲ ಟೈರ್ ತೋಳಿಗೂ ಭಾರ. ಬೂವನಹಳ್ಳಿಯಿಂದ ಹಾಸನದ ಪೇಟೆಗೆ ಹೋಗಿಬರುವ ಓಟದಲ್ಲಿ ಈ ವ್ಯತ್ಯಾಸ ತಿಳಿಯದಿರಬಹುದು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಮಳೆ ಹಿಡಿದರೆ ಖಂಡಿತ ತಿಳಿಯುತ್ತದೆ.

ದೊರೆಯುವಿಕೆ ಮತ್ತು ವೆಚ್ಚ

ಪಿರೆಲ್ಲಿ ಸಂಸ್ಥೆ ಸಿ.ಎನ್. 36 ಎಂಬ ಹಳೆಯ ವಿನ್ಯಾಸವನ್ನು 185/70 ಮತ್ತು 215/60 ಅಳತೆಗಳಲ್ಲಿ ಮರಳಿ ತಯಾರಿಸಿದೆ. ಆದರೆ ಹೊರದೇಶದಿಂದ ತರಿಸುವುದು ಸುಲಭವಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ಕಾರು, ಬಸ್ಸು, ಲಾರಿ ಮತ್ತು ದ್ವಿಚಕ್ರ ವಾಹನಗಳ ಹೊಸ ಟೈರುಗಳ ಆಮದನ್ನು ಮುಕ್ತ ವರ್ಗದಿಂದ ನಿರ್ಬಂಧಿತ ವರ್ಗಕ್ಕೆ ಸೇರಿಸಿತು. ಇದಲ್ಲದೆ 2009ರ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ ಕಾರಿನ ಟೈರಿಗೆ ಐ.ಎಸ್. 15633 ಮಾನಕದ ಗುರುತು ಬೇಕು. ಮುಂಗಡ ಹಣ ಕಳುಹಿಸುವ ಮೊದಲು ಅಂದು ಜಾರಿಯಲ್ಲಿರುವ ಆಮದು ನೀತಿಯನ್ನು ನೋಡಿಕೊಳ್ಳುವುದು ಅವಶ್ಯ. ಬಂದರಿನಲ್ಲಿ ಸಿಕ್ಕಿಬಿದ್ದ ಸರಕಿನ ಬಾಡಿಗೆ ಟೈರಿನ ಬೆಲೆಯನ್ನೇ ಮೀರಬಹುದು. ಸಾಮಾನ್ಯ ಕುಟುಂಬದ ಕಾರುಗಳಿಗೆ ಬಳಕೆಯಲ್ಲಿರುವ 195/65 ಆರ್ 15 ಆದರೋ ದೇಶದೊಳಗೇ ದೊರೆಯುತ್ತದೆ. ಟೈರಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ.

ವೆಚ್ಚದ ಲೆಕ್ಕವನ್ನು ಲಾರಿಯಂತೆ ಕಿಲೋಮೀಟರಿನ ಮೇಲೆ ಹಾಕಬಾರದು. ಒಂದು ಟೈರ್ 40,000 ಕಿ.ಮೀ. ಬಾಳುವುದೆಂದೂ ಕಾರು ವರ್ಷಕ್ಕೆ 1,000 ಕಿ.ಮೀ. ಓಡುವುದೆಂದೂ ಇಟ್ಟುಕೊಂಡರೆ ಅದು ತೇಯಲು 40 ವರ್ಷ ಬೇಕು. ರಬ್ಬರ್ ಅಷ್ಟು ಕಾಲ ಉಳಿಯದು; ತೇಯದಿದ್ದರೂ 10 ವರ್ಷದೊಳಗೆ ಬದಲಿಸಲು ಹಲವು ತಯಾರಕರು ಸೂಚಿಸುತ್ತಾರೆ. ಆದ್ದರಿಂದ ಇಲ್ಲಿ ಸವಕಳಿ ಕಾಲದ್ದು, ಓಟದ್ದಲ್ಲ. ನಾಲ್ಕು ಟೈರಿಗೆ ರೂ. 40,000 ಆಯಿತೆನ್ನೋಣ; ಹೊಸದಾಗಿ ತಯಾರಾದದ್ದಾದರೆ ವರ್ಷಕ್ಕೆ ರೂ. 4,000. ನಾಲ್ಕು ವರ್ಷ ಗೋದಾಮಿನಲ್ಲಿ ಕೂತ ಸರಕನ್ನು ಶೇ. 20 ರಿಯಾಯಿತಿಯಲ್ಲಿ ರೂ. 32,000ಕ್ಕೆ ಕೊಂಡರೆ ಉಳಿದ ಆರು ವರ್ಷಕ್ಕೆ ವರ್ಷಕ್ಕೆ ರೂ. 5,333. ರಿಯಾಯಿತಿ ಪಡೆದವನೇ ಹೆಚ್ಚು ತೆತ್ತಂತಾಯಿತು. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ಗುರುತಿನಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 2319 ಎಂದರೆ 2019ರ 23ನೇ ವಾರ. ಟೈರ್ ವ್ಯಾಪಾರದ ಸದಸ್ಯರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ: ಅಪರೂಪದ ಅಳತೆಯನ್ನು ದಾಸ್ತಾನು ಮಾಡದೆ, ಮುಂಗಡ ಪಡೆದು ತರಿಸಿಕೊಡುವುದೇ ಲೇಸು.

ಕಾನೂನಿನ ಮಗ್ಗುಲು

ಅಗಲ ಟೈರಿಗಾಗಿ ಮಡ್‌ಗಾರ್ಡ್ ಕತ್ತರಿಸಲು ಹೊರಡುವವರು ಎರಡು ಬಾರಿ ಯೋಚಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಯಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2021ರ ತಿದ್ದುಪಡಿ ನಿಯಮಗಳಂತೆ 50 ವರ್ಷ ಮೀರಿದ ವಾಹನವನ್ನು ರೂ. 20,000 ಶುಲ್ಕ ತೆತ್ತು ವಿಂಟೇಜ್ ವಾಹನವೆಂದು 10 ವರ್ಷಕ್ಕೆ ನೋಂದಾಯಿಸಬಹುದು. ಆದರೆ ಚಾಸಿಸ್, ಒಡಲು ಅಥವಾ ಎಂಜಿನ್ನನ್ನು ಮಾರ್ಪಡಿಸಿರಬಾರದು. ಅರ್ಧ ಅಂಗುಲ ಅಗಲದ ಆಸೆಗೆ ಈ ಅರ್ಹತೆಯನ್ನೇ ಕಳೆದುಕೊಳ್ಳುವುದು ಜಾಣತನವಲ್ಲ.

ತೆರಿಗೆಯ ವಿಷಯ ಇನ್ನೂ ಸೂಕ್ಷ್ಮ. ಸ್ವಂತ ಬಳಕೆಯ ಕಾರು ವೈಯಕ್ತಿಕ ವಸ್ತುವಾದ್ದರಿಂದ ಅದರ ಮಾರಾಟದ ಲಾಭ ಬಂಡವಾಳ ಲಾಭದ ತೆರಿಗೆಗೆ ಒಳಪಡುವುದಿಲ್ಲ. ಆದರೆ 1983ರಲ್ಲಿ ರೂ. 20,000ಕ್ಕೆ ಕೊಂಡು ಮುಂದೆ ರೂ. 21 ಲಕ್ಷಕ್ಕೆ ಮಾರಿದ 1931ರ ಫೋರ್ಡ್ ಕಾರಿನ ಪ್ರಕರಣದಲ್ಲಿ ಬಾಂಬೆ ಉಚ್ಚ ನ್ಯಾಯಾಲಯವು 2025ರಲ್ಲಿ ಈ ವಿನಾಯಿತಿಯನ್ನು ಒಪ್ಪಲಿಲ್ಲ. ಸ್ವಂತಕ್ಕೆ ಬಳಸಬಹುದಾದ ಕಾರು ಎಂದರೆ ಸಾಲದು, ಬಳಸಿದ್ದಕ್ಕೆ ಪುರಾವೆ ಬೇಕು ಎಂಬುದು ಅದರ ಸಾರಾಂಶ. ಆದ್ದರಿಂದ ಸ್ವಂತ ಹೆಸರಿನ ಟೈರ್ ಬಿಲ್ಲು, ವಿಮೆ, ಪೆಟ್ರೋಲ್ ರಸೀತಿ, ರ‍್ಯಾಲಿಯಲ್ಲಿ ಭಾಗವಹಿಸಿದ ದಾಖಲೆ ಇವೆಲ್ಲವನ್ನೂ ಒಂದು ಫೈಲಿನಲ್ಲಿ ಇಡಬೇಕು. ವಿಂಟೇಜ್ ನೋಂದಣಿಯ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲವಾದ್ದರಿಂದ, ಓಡಿಸಿದ ಪ್ರತಿ ಸಂದರ್ಭದ ದಾಖಲೆಗೆ ಇನ್ನಷ್ಟು ಬೆಲೆ ಬರುತ್ತದೆ.

ಟೈರಿನ ಬಿಲ್ಲನ್ನು ಅಂಗಡಿಯ ಖರ್ಚಿಗೆ ಸೇರಿಸಿ, ಜಿ.ಎಸ್.ಟಿ. ಇನ್‌ಪುಟ್ ಕ್ರೆಡಿಟ್ ಪಡೆಯುವ ಯೋಚನೆ ಕೆಲವರಿಗೆ ಬರಬಹುದು. ಸರಕು ಸಾಗಿಸುವ ಲಾರಿಯ ಟೈರಿಗೆ ಆ ಸೌಲಭ್ಯವುಂಟು. ಸ್ವಂತ ಬಳಕೆಯ ವಸ್ತುವಿಗೆ ಇಲ್ಲ. ಮೇಲಾಗಿ, ಇಂದು ವ್ಯಾಪಾರದ್ದೆಂದು ಬರೆದ ಕಾರನ್ನು ನಾಳೆ ಮಾರುವಾಗ ಸ್ವಂತದ್ದೆಂದು ವಾದಿಸಲು ಬಾಯಿ ಇರುವುದಿಲ್ಲ. ಕೆಲವು ಸಾವಿರ ರೂಪಾಯಿ ಉಳಿಸಲು ಹೋಗಿ ಲಕ್ಷಗಳ ವಿನಾಯಿತಿಯನ್ನು ಬಿಟ್ಟುಕೊಟ್ಟಂತಾಗುತ್ತದೆ.

ಒಟ್ಟಿನಲ್ಲಿ, ಖರೀದಿಗೆ ಮುನ್ನ ರಿಮ್ಮಿನ ಒಳಬದಿಯಲ್ಲಿ ಅಚ್ಚಾಗಿರುವ ಅಗಲವನ್ನು ಓದಿ, ಮೂಲ ಟೈರಿನ ವ್ಯಾಸವನ್ನು ಲೆಕ್ಕ ಹಾಕಿ, ಅದಕ್ಕೆ ಶೇ. 2ರೊಳಗೆ ಬರುವ ಅಳತೆಯನ್ನು ಆರಿಸಿಕೊಳ್ಳಬೇಕು. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಟೈರ್ ಎಲ್ಲಿಯೂ ತಾಗದೆಂದು ಖಚಿತಪಡಿಸಿಕೊಳ್ಳಬೇಕು. ರೇಡಿಯಲ್ ಮತ್ತು ನೈಲಾನ್ ಟೈರುಗಳನ್ನು ಬೆರೆಸಬಾರದು. ಸ್ಟೆಪ್ನಿಯ ವಯಸ್ಸನ್ನೂ ನೋಡಬೇಕು. ಬಿಲ್ಲನ್ನು ಕಾರಿನ ಮಾಲೀಕರ ಹೆಸರಿನಲ್ಲೇ ಪಡೆಯಬೇಕು.