ಹಳೆಯ ಹೆರಾಲ್ಡಿಗೆ ಹೊಸ ಎಂಜಿನ್

ಹಳೆಯ ಮೋಟಾರು ಗಾಡಿಗೆ ಹೊಸ ಎಂಜಿನ್ ಕೂಡಿಸುವುದೆಂದರೆ, ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿ ಬೋಲ್ಟು ಬಿಗಿಯುವ ಕೆಲಸವೆಂದು ಹಲವರ ಎಣಿಕೆ. ಅದು ಹಾಗಲ್ಲವೆಂಬುದನ್ನು ಚನ್ನಪಟ್ಟಣದ ಸ್ನೇಹಿತರೊಬ್ಬರ ಷೆಡ್ಡಿನಲ್ಲಿ ಎರಡು ವರ್ಷ ಕಣ್ಣಾರೆ ಕಂಡೆನಾದ್ದರಿಂದ ಈ ಮಾತು.

ಗಾಡಿ, ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಸ್ನೇಹಿತರ ತಂದೆಯವರದು. ಇದರ ರೂಪವನ್ನು ಗೆರೆಯೆಳೆದವನು ಇಟಲಿಯ ಮಿಕೆಲೋಟಿ. ಇಂಗ್ಲೆಂಡಿನ ಟ್ರಯಂಫ್ ಕಂಪನಿ 1962ರಲ್ಲಿ ಹೊರತಂದ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಇದೇ ಹೆರಾಲ್ಡಿನ ಷಾಸಿಯನ್ನು ಗಿಡ್ಡಗೊಳಿಸಿ ಕಟ್ಟಿದ್ದು. ಎರಡನ್ನೂ ದಾಯಾದಿಗಳೆನ್ನಲು ಅಡ್ಡಿಯಿಲ್ಲ.

ಮೂಲ ಎಂಜಿನ್ 948 ಸಿಸಿಯದು. ಹೊಸದಾಗಿದ್ದಾಗಲೂ ಅದರ ಬಲ 40 ಅಶ್ವಶಕ್ತಿಯನ್ನು ದಾಟಿದ್ದಿಲ್ಲ. ಅದರ ಬ್ಲಾಕು ಬಿರಿದಿತ್ತು. ಬದಲಿಗೆ ಬಂದದ್ದು ಮಾರುತಿ ಜಿಪ್ಸಿಯ 1298 ಸಿಸಿ ಎಂಜಿನ್, ಬಲ 80. ಜಿಪ್ಸಿಯದೇ ಏಕೆಂದರೆ, ಎಸ್ಟೀಮಿನಂಥ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ; ಹೆರಾಲ್ಡಿಗೆ ಬೇಕಾದುದು ಉದ್ದಕ್ಕೆ ಕುಳಿತು ಹಿಂದಿನ ಚಕ್ರಗಳಿಗೆ ಬಲವನ್ನು ಕಳಿಸುವಂಥದು. ಜಿಪ್ಸಿಯಲ್ಲಿ ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆಯು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲವಾಗಿ ಅದನ್ನು ಬಿಟ್ಟುಬಿಡಬಹುದು.

ಇಮ್ಮಡಿಯಾದ ಬಲವನ್ನು ತಡೆಯುವವರಾರು? ನಾಲ್ಕೂ ಚಕ್ರಗಳಲ್ಲಿ ಹಳೆಯ ಡ್ರಮ್ ಬ್ರೇಕುಗಳು. ಬ್ರೇಕಿನ ಕೆಲಸ ಮುಗಿಯದೆ ಎಂಜಿನ್ನನ್ನು ಇಳಿಸುವುದಿಲ್ಲವೆಂದು ಮೆಕ್ಯಾನಿಕ್ ಹಟ ಹಿಡಿದರು. ಆ ಹಟವೇ ಸರಿ. ಸ್ಪಿಟ್‌ಫೈರಿನ ಡಿಸ್ಕ್ ಬ್ರೇಕುಗಳು ಮುಂದಿನ ಚಕ್ರಗಳಿಗೆ ಹೊಂದಿದವು. ದಾಯಾದಿತನ ಉಪಯೋಗಕ್ಕೆ ಬಂತು.

ಇದಕ್ಕಿಂತ ದೊಡ್ಡ ಅಪಾಯ ಹಿಂದಿನ ಆಕ್ಸಲಿನದು. ಹೆರಾಲ್ಡಿನ ಹಿಂದಿನ ಅರೆ-ಆಕ್ಸಲುಗಳಿಗೆ ಒಳತುದಿಯಲ್ಲಿ ಮಾತ್ರ ಕೀಲು. ವೇಗವಾಗಿ ತಿರುಗುವಾಗ ಚಾಲಕನು ಗಾಬರಿಗೊಂಡು ಆಕ್ಸಿಲರೇಟರಿನಿಂದ ಕಾಲು ತೆಗೆದನೆನ್ನಿ, ಗಾಡಿಯ ಹಿಂಭಾಗ ಮೇಲೇಳುತ್ತದೆ, ಹೊರಬದಿಯ ಚಕ್ರ ಒಳಕ್ಕೆ ಮಡಚುತ್ತದೆ, ಗಾಡಿ ಜಾರುತ್ತದೆ. ಮಾಗಡಿಯಿಂದ ಸಾವನದುರ್ಗದ ಕಡೆಗೆ, ಇಲ್ಲವೆ ರಾಮನಗರದಿಂದ ಕನಕಪುರಕ್ಕೆ ಹೋದವರಿಗೆ ತಿರುವೆಂದರೇನೆಂದು ನಾನು ಹೇಳಬೇಕಾಗಿಲ್ಲ. 1970ರ ಸ್ಪಿಟ್‌ಫೈರಿನಲ್ಲಿ ಟ್ರಯಂಫಿನವರು ಅಡ್ಡ ಸ್ಪ್ರಿಂಗಿನ ಪಟ್ಟಿಗಳನ್ನು ತೂಗಾಡಲು ಬಿಟ್ಟು ಈ ದೋಷವನ್ನು ಬಹುಮಟ್ಟಿಗೆ ನೀಗಿದರು. ಇಲ್ಲಿಯೂ ಅದನ್ನೇ ಅಳವಡಿಸಲಾಯಿತು.

ಚನ್ನಪಟ್ಟಣದಲ್ಲಿ ಇಂಥ ಮಾರ್ಪಾಟು ಹೊಸತೇನಲ್ಲ. ಕೈಯಿಂದ ತಿರುಗಿಸುತ್ತಿದ್ದ ಗೊಂಬೆಯ ಲೇತಿಗೆ ವಿದ್ಯುತ್ ಮೋಟಾರು ಬಂದು ದಶಕಗಳಾದವು. ಉಳಿ ಹಿಡಿದು ಅರಗು ಒತ್ತುವ ಕೈ ಮಾತ್ರ ಅದೇ. ಅಂಥ ಕಸುಬುದಾರರೊಬ್ಬರು ಹಾಲೆ ಮರದಲ್ಲಿ ಗೇರಿನ ಹಿಡಿಯನ್ನು ಕಡೆದು, ಕೆಂಪು ಅರಗು ಹಚ್ಚಿ ಕೊಟ್ಟರು. ಗಾಡಿಯಲ್ಲಿ ನನಗೆ ಬಲು ಮೆಚ್ಚಿಕೆಯಾದ ಭಾಗ ಅದೇ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಂತೆ, ನೋಂದಣಿ ಪತ್ರದ ವಿವರಗಳಿಗೆ ಹೊಂದದ ಮಾರ್ಪಾಟು ಸಲ್ಲದು. ಎಂಜಿನ್ ಬದಲಿಸುವುದಕ್ಕೂ ಅನುಮತಿ ಬೇಕು. 2021ರಲ್ಲಿ ಬಂದ ನಿಯಮಗಳು ಐವತ್ತು ವರ್ಷ ಮೀರಿದ ಗಾಡಿಗೆ ವಿಂಟೇಜ್ ಎಂಬ ಮನ್ನಣೆ ಕೊಡುತ್ತವೆ, ಆದರೆ ಅದು ಮೂಲರೂಪದಲ್ಲಿ ಇರತಕ್ಕದ್ದು. ಓಡುವ ಗಾಡಿಯೋ, ಆ ಮನ್ನಣೆಯೋ ಎಂಬುದನ್ನು ಸ್ನೇಹಿತರು ಮೊದಲೇ ಆರಿಸಿಕೊಳ್ಳಬೇಕಾಯಿತು. ಮೂಲ ಎಂಜಿನ್ ಗಟ್ಟಿಯಾಗಿದ್ದಿದ್ದರೆ ನಾನಂತೂ ಬೇಡವೆನ್ನುತ್ತಿದ್ದೆ.

ಷಾಸಿಯನ್ನು ಅವರು ಎಲ್ಲಿಯೂ ಕೊಯ್ಯಗೊಡಲಿಲ್ಲ. ಹೊಸ ಆಧಾರಗಳೆಲ್ಲ ಬೋಲ್ಟಿನವು, ಕಳಚಬಹುದಾದಂಥವು. ಬಿರುಕನ್ನು ಬೆಸೆಯಬಲ್ಲ ಕುಶಲಿಯೊಬ್ಬ ಎಂದಾದರೂ ಸಿಕ್ಕಾನೆಂದು, ತಂದೆಯವರ ಕಾಲದ ಆ ಎಂಜಿನ್ನನ್ನು ಎಣ್ಣೆ ಬಳಿದು, ಗೋಣಿ ಸುತ್ತಿ, ಷೆಡ್ಡಿನ ಮೂಲೆಯಲ್ಲಿ ಹಲಗೆಯ ಮೇಲೆ ಇರಿಸಿದ್ದಾರೆ.