ಶ್ರೀಶೈಲದ ಪಾದಯಾತ್ರೆ ಮತ್ತು ಮನೆಯ ಪಂಚಾಂಗ

ಯುಗಾದಿ ಸಮೀಪಿಸುತ್ತಿದ್ದಂತೆ ಉತ್ತರ ಕರ್ನಾಟಕದ ರಸ್ತೆಗಳಲ್ಲಿ ಶ್ರೀಶೈಲದತ್ತ ನಡೆಯುವ ಸದ್ಭಕ್ತರ ಸಾಲು ಕಾಣತೊಡಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಂದ ಮಲ್ಲಯ್ಯನ ಕಂಬಿಯನ್ನು ಹೊತ್ತು ಹೊರಡುವವರಿಗೆ ದಾರಿಯುದ್ದಕ್ಕೂ ದಾಸೋಹ ನಡೆಯುತ್ತದೆ. ಈ ಭಕ್ತಿಯ ಹಿರಿಮೆಯನ್ನು ಓದುಗ ಬಂಧುಗಳಿಗೆ ಬಣ್ಣಿಸಬೇಕಾಗಿಲ್ಲ. ವಿಚಾರಿಸಬೇಕಾದುದು, ಆ ದಿನಗಳಲ್ಲಿ ಅವರ ಮನೆ ಹೇಗೆ ನಡೆಯುತ್ತದೆ ಎಂಬುದನ್ನು.

ದಿನಕ್ಕೆ 30 ಕಿ.ಮೀ. ನಡೆದರೂ 300 ಕಿ.ಮೀ. ದೂರಕ್ಕೆ ಹತ್ತು ದಿನ ಬೇಕು. ಬೆಳಗಾವಿಯ ಕಡೆಯವರಿಗೆ ಇನ್ನೂ ಹೆಚ್ಚು. ಅಷ್ಟು ದಿನ ಎಮ್ಮೆಯ ಹಾಲು ಹಿಂಡುವವರು, ಅತ್ತೆಯವರಿಗೆ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುವವರು, ಮಗಳನ್ನು ಪರೀಕ್ಷಾ ಕೇಂದ್ರಕ್ಕೆ ಕರೆದೊಯ್ಯುವವರು ಬಹುತೇಕ ಮನೆಯಲ್ಲಿ ಉಳಿದ ತಾಯಂದಿರೇ. ಅದೂ ಮಲ್ಲಯ್ಯನ ಸೇವೆಯೇ ಎಂದು ಹೇಳಿ ಮುಂದೆ ಸಾಗುವುದು ಸುಲಭ. ಆದರೆ ಯಜಮಾನರು ವರ್ಷವೂ ತಪ್ಪದೆ ನಡೆಯುವ ಮನೆಯಲ್ಲಿ ಆಕೆ ಒಮ್ಮೆಯೂ ನಡೆದಿಲ್ಲವಾದರೆ, ಆ ಹರಕೆಯ ಭಾರವನ್ನು ನಿಜವಾಗಿ ಹೊತ್ತವರು ಯಾರು?

ಗೋಷ್ಠಿಯಲ್ಲಿ ಮೈಮರೆತ ಆಯ್ದಕ್ಕಿ ಮಾರಯ್ಯನಿಗೆ, ನಿಂತುಹೋದ ಕಾಯಕವನ್ನು ನೆನಪಿಸಿದವಳು ಪತ್ನಿ ಲಕ್ಕಮ್ಮ ಎಂಬುದು ಶರಣ ಪರಂಪರೆಯ ಪ್ರಸಿದ್ಧ ಪ್ರಸಂಗ. ಮಾರಯ್ಯ ಅದನ್ನು ಅಡ್ಡಿಯೆಂದು ಭಾವಿಸಲಿಲ್ಲ. ಮನೆಯವರು ಈ ವರ್ಷ ಬೇಡವೆಂದರೆ ಮುಖ ಗಂಟಿಕ್ಕುವ ನಮ್ಮ ಹಿರಿಯರು ಇದನ್ನು ಗಮನಿಸಬಹುದು.

ಆ ಮಾತು ಹೊರಡುವ ಹಿಂದಿನ ವಾರ ಬಂದರೆ ಜಗಳವಾಗುತ್ತದೆ, ಎರಡು ವರ್ಷ ಮೊದಲೇ ಬಂದರೆ ಏರ್ಪಾಡಾಗುತ್ತದೆ. ಚಾಂದ್ರಮಾನ ವರ್ಷವು ಸೌರಮಾನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆದುದರಿಂದ ಯುಗಾದಿ ಅಷ್ಟಷ್ಟೇ ಹಿಂದೆ ಸರಿದು, ಅಧಿಕ ಮಾಸ ಬಂದಾಗ ಒಮ್ಮೆಗೇ ಮುಂದಕ್ಕೆ ಹೋಗುತ್ತದೆ. 2025ರಲ್ಲಿ ಮಾರ್ಚ್ 30. 2026ರಲ್ಲಿ ಮಾರ್ಚ್ 19. ಆ ವರ್ಷ ಅಧಿಕ ಜ್ಯೇಷ್ಠ ಬಂದುದರಿಂದ 2027ರಲ್ಲಿ ಏಪ್ರಿಲ್ 7. 2028ರಲ್ಲಿ ಮತ್ತೆ ಮಾರ್ಚ್ 27. ಮಾರ್ಚ್ ನಡುವಿನ ಯುಗಾದಿಗೆ ಹೊರಡುವವರು ಪರೀಕ್ಷೆಯ ದಿನಗಳಲ್ಲಿ ಮನೆ ಬಿಡಬೇಕು. ಏಪ್ರಿಲ್‌ನ ಯುಗಾದಿಯಾದರೆ ಅಂಗಡಿಕಾರರಿಗೂ ಬ್ಯಾಂಕಿನವರಿಗೂ ಮಾರ್ಚ್ 31ರ ಲೆಕ್ಕ ಅಡ್ಡ ಬರುತ್ತದೆ, ಬಿಸಿಲೂ ಏರಿರುತ್ತದೆ. ಮಗ ಯಾವ ವರ್ಷ ಹತ್ತನೆಯ ತರಗತಿ, ಮಗಳ ಬಾಣಂತನ ಎಂದು, ಕೂಲಿಯವರು ಯಾವಾಗ ಸಿಗುತ್ತಾರೆ ಎಂಬುದೆಲ್ಲ ಮನೆಯವರಿಗೆ ತಿಳಿದಿರುತ್ತದೆ. ಅದರೊಡನೆ ಪಂಚಾಂಗವನ್ನು ಇಟ್ಟು ನೋಡುವವರು ಮಾತ್ರ ಕಡಿಮೆ.

ಪೂರ್ತಿ ದೂರ ನಡೆಯಲಾಗದ ವರ್ಷ ಯಾತ್ರೆಯನ್ನೇ ಬಿಡಬೇಕಾಗಿಲ್ಲ. ಆತ್ಮಕೂರಿನವರೆಗೆ ವಾಹನದಲ್ಲಿ ಹೋಗಿ, ವೆಂಕಟಾಪುರದಿಂದ ನಾಗಲೂಟಿ, ಪೆಚ್ಚೆರುವು, ಭೀಮನ ಕೊಳದ ಮೂಲಕ ಕೈಲಾಸ ದ್ವಾರಕ್ಕೆ ನಲ್ಲಮಲದ ಕಾಡುದಾರಿಯನ್ನಷ್ಟೇ ನಡೆಯುವವರು ಅನೇಕರಿದ್ದಾರೆ. ಹೋಗಿ ಬರುವುದು ಸೇರಿ ಮನೆಗೆ ನಾಲ್ಕೈದು ದಿನದ ಗೈರುಹಾಜರಿ. ಆದರೆ ಇದು ಹುಲಿ ಸಂರಕ್ಷಿತ ಅರಣ್ಯ. ಯಾತ್ರಿಕರನ್ನು ಶಿವರಾತ್ರಿ ಮತ್ತು ಯುಗಾದಿಯ ನಿಗದಿತ ದಿನಗಳಲ್ಲಿ ಬಿಡುತ್ತಾರೆಯೇ ಹೊರತು, ನಮಗೆ ಬಿಡುವಾದಾಗಲ್ಲ. ಇನ್ನೊಂದು ಕ್ರಮವೂ ಉಂಟು: ಈ ವರ್ಷ ರಾಯಚೂರಿನವರೆಗೆ ನಡೆದು ಮರಳಿ, ಮರುವರ್ಷ ಅಲ್ಲಿಂದಲೇ ಹೆಜ್ಜೆ ಮುಂದುವರಿಸುವುದು. ಹರಕೆ ಮುರಿಯಿತೆಂದು ಕೆಲವರು ಆಕ್ಷೇಪಿಸಬಹುದು. ಕಾಯಿಲೆಯ ತಾಯಿಯನ್ನು ನೆರೆಯವರ ಮೇಲೆ ಬಿಟ್ಟು ಪೂರೈಸಿದ ಹರಕೆಗಿಂತ ಇದು ಮೇಲೆಂದೇ ನನ್ನ ಅಭಿಪ್ರಾಯ. ಬರಿಗಾಲಿನ ಹಟವೂ ಹೀಗೆಯೇ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ಅದಕ್ಕೆ ಇಳಿಯಲೇಬಾರದು.

ಇನ್ನು ತಾಯಂದಿರ ಸರದಿ. ಶ್ರೀಶೈಲಕ್ಕೆ ನಡೆದವರಲ್ಲಿ ನಾವು ಮೊದಲು ನೆನೆಯುವ ಹೆಸರು ಉಡುತಡಿಯ ಅಕ್ಕಮಹಾದೇವಿಯದು. ಹಾಗಿದ್ದೂ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಹೊರಡುವುದು ಮಕ್ಕಳ ಮದುವೆಗಳೆಲ್ಲ ಮುಗಿದು, ಮೊಣಕಾಲು ನೋಯತೊಡಗಿದ ಮೇಲೆ. ಒಂದು ಯುಗಾದಿ ಯಜಮಾನರದು, ಮುಂದಿನದು ಮನೆಯೊಡತಿಯದು ಎಂದು ಮೊದಲೇ ಬರೆದಿಡಬಾರದೇಕೆ? ದಿನವೂ ಹೊಲಕ್ಕೆ ನಡೆದ ಕಾಲುಗಳಿಗೆ ಹೆಚ್ಚಿನ ತಾಲೀಮು ಬೇಡ. ತಾಲೀಮು ಬೇಕಾದುದು ಮನೆಯಲ್ಲಿ ಉಳಿಯುವವರಿಗೆ. ರೊಟ್ಟಿಯನ್ನು ಹೇಗೋ ಹೊಂದಿಸಿಕೊಳ್ಳಬಹುದು. ಎಮ್ಮೆ ಮಾತ್ರ ಹೊಸ ಕೈಗೆ ಬೇಗ ಹಾಲು ಬಿಡುವುದಿಲ್ಲ. ಅದನ್ನು ಒಂದು ತಿಂಗಳು ಮೊದಲೇ ರೂಢಿಸಿಕೊಳ್ಳಬೇಕು.