ಹೊಸ ಬೇಟೆಗಾರನಿಗೆ ಹಳೆಯ ಪಾಠ

ಬೇಟೆಗೆ ಹೊರಡುವವನಿಗೆ ಮೊದಲು ಏನನ್ನು ಕಲಿಸಬೇಕು? ಯಾರನ್ನು ಕೇಳಿದರೂ ಗುರಿಯಿಡುವುದನ್ನು ಎಂದೇ ಉತ್ತರ ಬರುತ್ತದೆ. ಬಾಲ್ಯದಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಕುಂದಾಪುರದ ಮೂಡು ದಿಕ್ಕಿನ ನಮ್ಮ ಹಳ್ಳಿಯಲ್ಲಿ ಹಿರಿಯ ಬೇಟೆಗಾರರೊಬ್ಬರಿದ್ದರು. ಊರಿಗೆಲ್ಲ ಅವರು ಅಜ್ಜಯ್ಯ. ಘಟ್ಟದ ಬುಡದ ಕಾಡುಗಳಲ್ಲಿ ಹರೆಯವನ್ನು ಕಳೆದವರು. ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದಿದ್ದ ಅವರ ಕೇಪಿನ ಕೋವಿ ಚಾವಡಿಯ ಗೋಡೆಯಲ್ಲಿ ತೂಗುತ್ತಿತ್ತು. ಅದನ್ನು ಹಿಡಿಯಲು ಕಲಿಸಿರೆಂದು ನಾನು ಗೋಗರೆದಾಗ ಅವರು ನಕ್ಕು, "ಮಾಣಿ, ಕೋವಿ ಕಡೀಗೆ. ಮೊದ್ಲ್ ಕೂಕಂಬುದ್ ಕಲಿ" ಎಂದರು. ಕುಳಿತುಕೊಳ್ಳುವುದರಲ್ಲಿ ಕಲಿಯುವುದಕ್ಕೇನಿದೆ ಎಂದು ಅಂದು ನನಗೆ ಅನ್ನಿಸಿತ್ತು. ಆ ಮಾತಿನ ಅರ್ಥ ತಿಳಿಯಲು ನನಗೆ ಬಹಳ ವರ್ಷಗಳು ಬೇಕಾದವು.

ಬೇಟೆ ನಿಷೇಧವಾಗಿರುವ ಈ ಕಾಲದಲ್ಲಿ ಬೇಟೆಗಾರನಿಗೆ ಬುದ್ಧಿ ಹೇಳುವುದೇಕೆ ಎಂದು ಕೇಳುಗರು ಶಂಕಿಸಬಹುದು. ಕೋವಿಗೆ ಪುನಃ ಮದ್ದು ತುಂಬಬೇಕೆಂಬುದು ನನ್ನ ಉದ್ದೇಶವಲ್ಲ. ಕೋವಿ ಹೋಯಿತು, ಆದರೆ ಹಿಂಸ್ರಪಶು ನಮ್ಮ ನೆರೆಯಲ್ಲಿಯೇ ಉಳಿದಿದೆ. ಕೋವಿಯೊಡನೆ ಇದ್ದ ವಿವೇಕವನ್ನೂ ನಾವು ಬಿಟ್ಟುಕೊಟ್ಟೆವೋ ಏನೋ ಎಂಬುದೇ ಇಂದಿನ ಪ್ರಶ್ನೆ.

ನಮ್ಮ ನಾಡಿಗೆ ಬೇಟೆ ಹೊಸತಲ್ಲ. ಹುಲಿಯೊಡನೆ ಹೋರಾಡಿ ಮಡಿದವರ ವೀರಗಲ್ಲುಗಳು ಕರ್ನಾಟಕದ ಹಲವೆಡೆ ನಿಂತಿವೆ. ಹೊಯ್ಸಳರ ಲಾಂಛನವೇ ಮೃಗದ ಮೇಲೆರಗಿದ ಸಳನ ಚಿತ್ರ. ಹತ್ತನೆಯ ಶತಮಾನದ ಆತಕೂರಿನ ಶಾಸನ ಇನ್ನೂ ವಿಶೇಷವಾದುದು. ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತುದನ್ನು ಅದು ಹೇಳುತ್ತದೆ. ಒಂದು ನಾಯಿಯ ಸಾವನ್ನು ಕಲ್ಲಿನಲ್ಲಿ ಕೆತ್ತಿಸಿ, ಅದಕ್ಕೆ ಪೂಜೆಯ ವ್ಯವಸ್ಥೆಯನ್ನೂ ಮಾಡಿದ ಜನ ನಮ್ಮವರು. ಕಾವ್ಯಗಳಲ್ಲಿಯೂ ಬೇಟೆಯ ಸಂಭ್ರಮಕ್ಕೆ ಕೊರತೆಯಿಲ್ಲ. ಆದರೆ ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಓದಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ರಾಜನ ಕಷ್ಟಪರಂಪರೆಗೆ ದಾರಿ ತೆರೆಯುವುದು ಬೇಟೆಯೇ. ಹಂದಿಯ ಬೆನ್ನುಹತ್ತಿದವನು ತಾನು ಎಲ್ಲಿಗೆ ಹೋಗುತ್ತಿದ್ದೇನೆಂಬ ಎಚ್ಚರವನ್ನು ಕಳೆದುಕೊಳ್ಳುತ್ತಾನೆ.

ಹೊಸಗನ್ನಡದಲ್ಲಿ ಕುವೆಂಪು ಅವರ 'ಮಲೆನಾಡಿನ ಚಿತ್ರಗಳು', ಪುತ್ತೂರು ಕಡೆಯ ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು', ಕೆನೆತ್ ಆಂಡರ್ಸನ್ನನ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ನಮ್ಮ ಭಾಷೆಗೆ ತಂದ ಕಾಡಿನ ಕಥೆಗಳು ಓದುಗರಿಗೆ ಚಿರಪರಿಚಿತ. ಇವನ್ನು ಮೊದಲ ಬಾರಿ ಓದುವ ತರುಣನ ಕಣ್ಣಿಗೆ ಬೀಳುವುದು ಈಡು ಹಾರಿದ ಗಳಿಗೆ ಮಾತ್ರ. ಎರಡನೆಯ ಬಾರಿ ಓದಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಈಡು ಹಾರುವುದು ಒಂದೆರಡು ಸಾಲಿನಲ್ಲಿ. ಉಳಿದ ಪುಟಗಳೆಲ್ಲ ಕಾಯುವುದು, ಕೇಳುವುದು, ಹೆಜ್ಜೆ ನೋಡುವುದು, ಬರಿಗೈಯಲ್ಲಿ ಮರಳುವುದು. ಅನುಭವಿ ಬೇಟೆಗಾರನ ವಿದ್ಯೆಯ ಬಹುಪಾಲು ಕೊಲ್ಲುವ ವಿದ್ಯೆಯಲ್ಲ, ತಿಳಿಯುವ ಮತ್ತು ತಡೆದುಕೊಳ್ಳುವ ವಿದ್ಯೆ.

ಆ ವಿದ್ಯೆಯ ಮೊದಲ ಪಾಠ ಅಜ್ಜಯ್ಯ ಹೇಳಿದ್ದೇ. ಹಿಂದಿನವರು ಮರದ ಮೇಲೆ ಅಟ್ಟಣೆ ಕಟ್ಟಿ ಮರಸು ಕೂರುತ್ತಿದ್ದರು. ಚಿರತೆಯ ಮೂಗು ನಾವು ತಿಳಿದಷ್ಟು ಚುರುಕಲ್ಲ. ಕಿವಿ ಮತ್ತು ಕಣ್ಣು ಬಹಳ ಚುರುಕು. ಸೊಳ್ಳೆ ಕಚ್ಚಿದಾಗ ಕೈಯೆತ್ತಿದವನು, ಕೆಮ್ಮನ್ನು ತಡೆಯಲಾರದವನು ಆ ರಾತ್ರಿ ಏನನ್ನೂ ಕಾಣಲಾರ. ಎರಡನೆಯ ಪಾಠ ನೆಲವನ್ನು ಓದುವುದು. ಮಳೆ ಬಿಟ್ಟ ಬೆಳಗ್ಗೆ ತೋಟದ ಹಸಿಮಣ್ಣಿನಲ್ಲಿ ಹೆಜ್ಜೆ ಕಂಡಿತೆನ್ನಿ. ನಾಲ್ಕು ಬೆರಳುಗಳ ಮುಂದೆ ಉಗುರಿನ ಗುರುತಿದ್ದರೆ ಅದು ಸಾಮಾನ್ಯವಾಗಿ ನಾಯಿ. ಉಗುರಿನ ಗುರುತಿಲ್ಲದೆ ಅಂಗಾಲಿನ ಅಚ್ಚು ದುಂಡಗೆ ಬಿದ್ದಿದ್ದರೆ ಬೆಕ್ಕಿನ ಕುಲದ್ದು. ನಡೆಯುವಾಗ ಅದು ಉಗುರನ್ನು ಒಳಗೆಳೆದುಕೊಂಡಿರುತ್ತದೆ. ಮೂರನೆಯ ಪಾಠ ಕಾಡಿನ ಮಾತನ್ನು ಕೇಳುವುದು. ಮುಸುವ ಕೊಂಬೆಯ ಮೇಲಿಂದ ಗದರುವುದು, ಕಾಡುಕುರಿ ನಾಯಿಯಂತೆ ಬೊಗಳುವುದು, ನವಿಲು ಹೊತ್ತಲ್ಲದ ಹೊತ್ತಿನಲ್ಲಿ ಕೂಗುವುದು, ಇವೆಲ್ಲ ಹಿಂಸ್ರಪಶು ಹತ್ತಿರದಲ್ಲಿದೆ ಎಂಬುದಕ್ಕೆ ಸೂಚನೆಗಳಾಗಬಲ್ಲವು. ಚಿರತೆಯ ಸ್ವಂತ ಕೂಗು ಮರ ಕೊಯ್ಯುವ ಗರಗಸದ ಸದ್ದಿನಂತಿರುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದುದು. "ಗಾಯ ಆದ್ದರ ಹಿಂದೆ ಹೋಪುಕಾಗ ಮಾಣಿ" ಎಂದು ಅಜ್ಜಯ್ಯ ಹೇಳುತ್ತಿದ್ದರು. ಗಾಯಗೊಂಡ ಮೃಗವನ್ನು ಕೂಡಲೇ ಬೆನ್ನಟ್ಟಬಾರದು. ಅದು ಪೊದೆಯಲ್ಲಿ ಅಡಗಿ ಕಾದು ಕುಳಿತಿರುತ್ತದೆ. ಹಾಗೆಂದು ಅದನ್ನು ಹಾಗೆಯೇ ಬಿಟ್ಟು ಮನೆಗೆ ಬರುವುದೂ ಧರ್ಮವಲ್ಲ. ಆದುದರಿಂದಲೇ, ಒಂದೇ ಈಡಿಗೆ ಮುಗಿಯುವುದೆಂಬ ನಂಬಿಕೆಯಿಲ್ಲದಿದ್ದರೆ ಕೋವಿ ಎತ್ತಲೇಬಾರದೆಂಬುದು ಹಳಬರ ಕಟ್ಟಳೆ.

ಊರವರೆಲ್ಲ ಸೇರಿ ಆಡುತ್ತಿದ್ದ ಸೋವಿನ ಬೇಟೆಗೂ ಕಟ್ಟಳೆಗಳಿದ್ದವು. ಹಳು ನುಗ್ಗಿಸುವವರು ಒಂದು ಕಡೆ, ಬಿಲ್ಲಿಗೆ ನಿಂತ ಕೋವಿಯವರು ಇನ್ನೊಂದು ಕಡೆ. ನಿಂತವನು ನಿಂತ ಜಾಗವನ್ನು ಬಿಡಕೂಡದು. ಹಳುವಿನವರು ಬರುವ ದಿಕ್ಕಿಗೆ ಈಡು ಹಾರಿಸಕೂಡದು. ಎಲ್ಲಕ್ಕೂ ಮಿಗಿಲಾಗಿ, ಒಬ್ಬನ ಮಾತನ್ನು ಎಲ್ಲರೂ ಕೇಳಬೇಕು. ನೂರು ಜನ ಸೇರಿದ್ದರೂ ಅದು ಗುಂಪಾಗಿರಲಿಲ್ಲ, ಪಡೆಯಾಗಿತ್ತು.

ಈ ಬೇಟೆ ನಿಂತುದಕ್ಕೆ ಕಾರಣಗಳಿವೆ. ಕಾಡು ಕಡಿದು, ಕೋವಿಗಳು ಹೆಚ್ಚಿ, ಹುಲಿಯ ಸಂತತಿಯೇ ಅಳಿಯುವ ಸ್ಥಿತಿ ಬಂದಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಮರುವರ್ಷ ಹುಲಿ ಯೋಜನೆ ಆರಂಭವಾಯಿತು. ನಮ್ಮ ಭಾಗದ ಮೂಕಾಂಬಿಕಾ ಮತ್ತು ಸೋಮೇಶ್ವರ ಅಭಯಾರಣ್ಯಗಳು 1974ರಲ್ಲಿ ರೂಪುಗೊಂಡವು. ಚಿರತೆ ಇಂದು ಆ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಕೊಂದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಸೆರೆವಾಸವಿದೆ. ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಮಾಡಿದ್ದು ಅಪರಾಧವಲ್ಲ. ಮನುಷ್ಯರಿಗೆ ಅಪಾಯಕಾರಿಯಾದ ಮೃಗವನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದಾದರೂ, ಅದನ್ನು ಹಿಡಿಯುವುದಾಗಲಿ ಸ್ಥಳಾಂತರಿಸುವುದಾಗಲಿ ಅಸಾಧ್ಯವೆಂದು ಮೊದಲು ಮನದಟ್ಟಾಗಬೇಕು.

ಬೇರೆ ದೇಶಗಳಲ್ಲಿ ಎಲ್ಲೆಡೆಯೂ ಹೀಗಿಲ್ಲ. ಅಮೆರಿಕದ ಪಶ್ಚಿಮ ಭಾಗದಲ್ಲಿ ಪ್ಯೂಮಾ ಅಥವಾ ಕೂಗರ್ ಎಂಬ, ಚುಕ್ಕೆಗಳಿಲ್ಲದ ಕಂದು ಬಣ್ಣದ ದೊಡ್ಡ ಬೆಕ್ಕೊಂದಿದೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಪರವಾನಗಿ ಪಡೆದವರು ಅದನ್ನು ಇಂದಿಗೂ ಬೇಟೆಯಾಡುತ್ತಾರೆ. ನಾಯಿಗಳು ಅಟ್ಟಿ ಮರ ಹತ್ತಿಸುತ್ತವೆ; ಬೇಟೆಗಾರ ಕೆಳಗೆ ನಿಂತು ನೋಡುತ್ತಾನೆ. ಅಲ್ಲಿಯೂ ಹೊಸಬನಿಗೆ ಹೇಳುವ ಮುಖ್ಯ ಮಾತು ಗುರಿಯ ವಿಷಯವಲ್ಲ. ಮರದ ಮೇಲಿರುವುದು ಗಂಡೋ ಹೆಣ್ಣೋ, ಮರಿಗಳಿರುವ ತಾಯಿಯೋ ಎಂದು ಮೊದಲು ನೋಡು. ಸಂದೇಹವಿದ್ದರೆ ನಾಯಿಗಳನ್ನು ಕಟ್ಟಿಕೊಂಡು ಹಿಂದಿರುಗು ಎಂಬುದು. ಕ್ಯಾಲಿಫೋರ್ನಿಯ ರಾಜ್ಯದ ಜನರಾದರೋ 1990ರಲ್ಲಿ ಮತ ಹಾಕಿ ಈ ಬೇಟೆಯನ್ನೇ ನಿಲ್ಲಿಸಿದರು. ದೇಶ ಬೇರೆ, ಮೃಗ ಬೇರೆ. ಪಾಠ ಮಾತ್ರ ಒಂದೇ.

ಈಗ ನಮ್ಮ ಊರುಗಳಿಗೆ ಬರೋಣ. ಹುಲಿ ಘಟ್ಟದ ಕಾಡಿಗೆ ಸರಿದಿದೆ. ಆದರೆ ಚಿರತೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಗೇರುಹಾಡಿಗಳಲ್ಲಿ, ಅಕೇಶಿಯದ ನೆಡುತೋಪುಗಳಲ್ಲಿ, ಪಾಳುಬಿದ್ದ ಕಲ್ಲುಕೋರೆಗಳಲ್ಲಿ ಬದುಕುತ್ತಿದೆ. 2022ರ ಗಣತಿಯ ಅಂದಾಜಿನಂತೆ ದೇಶದಲ್ಲಿ 13,874 ಚಿರತೆಗಳಿದ್ದರೆ, ಕರ್ನಾಟಕದಲ್ಲಿಯೇ 1,879. ಇದಕ್ಕೆ ದೊಡ್ಡ ಕಾಡೇ ಬೇಕೆಂದಿಲ್ಲ. ಹಗಲು ಮರೆಯಾಗಿರಲು ಒಂದಿಷ್ಟು ಹಾಡಿ, ರಾತ್ರಿ ಹೊಟ್ಟೆಗೆ ನಾಲ್ಕು ನಾಯಿ ಇದ್ದರೆ ಸಾಕು. ಬೀದಿಯಲ್ಲಿ ಕಸ ಎಸೆಯುವವರು ನಾಯಿಗಳನ್ನು ಸಾಕುತ್ತಾರೆ. ನಾಯಿಗಳು ಚಿರತೆಯನ್ನು ಕರೆಯುತ್ತವೆ. ಅಟ್ಟಿಸಿಕೊಂಡು ಬಂದ ನಾಯಿಯ ಜೊತೆಯಲ್ಲಿ, ದಂಡೆಯಿಲ್ಲದ ಬಾವಿಗೆ ಚಿರತೆಯೂ ಬೀಳುತ್ತದೆ. ಪತ್ರಿಕೆಗಳಲ್ಲಿ ಇಂತಹ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ.

ನಾನು ಕಾಲೇಜಿನಲ್ಲಿದ್ದ ಕಾಲದಲ್ಲಿ ನಮ್ಮ ಹಳ್ಳಿಯ ಬಾವಿಯೊಂದಕ್ಕೆ ಹೀಗೆಯೇ ಚಿರತೆ ಬಿದ್ದಿತು. ಬೆಳಗಾಗುವುದರೊಳಗೆ ಇನ್ನೂರು ಮುನ್ನೂರು ಜನ ಸೇರಿದರು. ನಾನೂ ಹೋದೆ, ಜನರನ್ನು ತಳ್ಳಿಕೊಂಡು ಬಾವಿಯ ಅಂಚಿಗೇ ಹೋದೆ. ಚಿರತೆ ಒಂದು ಕಲ್ಲನ್ನು ತಬ್ಬಿಕೊಂಡು ಕುತ್ತಿಗೆಯವರೆಗಿನ ನೀರಿನಲ್ಲಿ ನಿಂತಿತ್ತು. ಯಾರೋ ಕಲ್ಲೆಸೆದರು, ಯಾರೋ ಕೇಕೆ ಹಾಕಿದರು. ಅಜ್ಜಯ್ಯ ಕೋಲೂರಿಕೊಂಡು ಬಂದು, "ಎಲ್ಲ ಮನೆಗ್ ಹೋಯ್ನಿ. ಏಣಿ ಇಳ್ಸಿ ದೂರ ಹೋಪ. ಕತ್ಲಾರೆ ಅದೇ ಹತ್ಕಂಡ್ ಹೋತ್ತ್" ಎಂದು ಬೇಡಿಕೊಂಡರು. ಕೇಳುವವರಿರಲಿಲ್ಲ. ನಡುಹಗಲಿನಲ್ಲಿಯೇ ಏಣಿ ಇಳಿಸಿದರು. ಮೇಲೆ ಬಂದ ಚಿರತೆಗೆ ಸುತ್ತ ಕಂಡದ್ದು ಜನರ ಗೋಡೆ. ಅದು ನನ್ನಿಂದ ಮೂರು ಮಾರು ಆಚೆಗಿದ್ದ ಒಬ್ಬ ಹುಡುಗನ ಮೇಲೆ ಹಾರಿತು. ಅವನ ಭುಜ ಸೀಳಿತು. ಬದುಕಿದನಾದರೂ ಆ ಕೈ ಮತ್ತೆ ಮೊದಲಿನಂತಾಗಲಿಲ್ಲ. ಚಿರತೆಯನ್ನು ಗದ್ದೆಯಲ್ಲಿ ದೊಣ್ಣೆಗಳಿಂದ ಬಡಿದು ಕೊಂದರು.

ಸಂಜೆ ಅಜ್ಜಯ್ಯನ ಚಾವಡಿಗೆ ಹೋದೆ. ಅವರು ನನ್ನನ್ನು ಬಯ್ಯಲಿಲ್ಲ. "ಸೋವಿಗ್ ಹೋಪ್ರಿಗೆ ಒಬ್ಬ ಯಜಮಾನ ಇರ್ತಿದ್ದ. ಇವತ್ತ್ ಅಲ್ಲ್ ಯಾರಿದ್ರ್ ಮಾಣಿ?" ಎಂದರು ಅಷ್ಟೆ. ಕುಳಿತುಕೊಳ್ಳುವುದನ್ನು ಕಲಿ ಎಂದು ಅವರು ಹೇಳಿದ್ದನ್ನು ಊರಿನಲ್ಲಿ ಬಲ್ಲವನು ನಾನು. ಅಂಚಿಗೆ ನುಗ್ಗಿದವನೂ ನಾನೇ. ಆ ಹುಡುಗನ ಕೈಯನ್ನು ಕಂಡಾಗಲೆಲ್ಲ ಈ ಮಾತು ನನ್ನನ್ನು ಚುಚ್ಚುತ್ತಿತ್ತು.

ಅಂದು ನಾವು ಆಡಿದ್ದೂ ಸೋವಿನ ಬೇಟೆಯೇ. ಕಟ್ಟಳೆಯಿಲ್ಲದ, ಯಜಮಾನನಿಲ್ಲದ ಸೋವು. ಹಳಬರಿಂದ ನಾವು ಕೇಕೆಯನ್ನು ಮಾತ್ರ ಉಳಿಸಿಕೊಂಡೆವು, ಮೌನವನ್ನು ಬಿಟ್ಟೆವು. ಈಗ ಕೇಕೆಯ ಜೊತೆಗೆ ಮೊಬೈಲಿನ ಕ್ಯಾಮೆರಾವೂ ಸೇರಿದೆ.

ಆದ್ದರಿಂದ ಹಳೆಯ ಪಾಠಗಳನ್ನು ಇಂದಿನ ಬದುಕಿಗೆ ಹೊಂದಿಸಿ ಹೇಳುತ್ತೇನೆ. ಚಿರತೆ ಎದುರಾದರೆ ಓಡಬಾರದು, ಬೆನ್ನು ತೋರಿಸಬಾರದು, ಬಗ್ಗಬಾರದು. ಓಡುವುದನ್ನು ಅಟ್ಟುವುದು ಬೆಕ್ಕಿನ ಸ್ವಭಾವ. ನೆಟ್ಟಗೆ ನಿಂತು, ಚಿಕ್ಕ ಮಕ್ಕಳಿದ್ದರೆ ಎತ್ತಿಕೊಂಡು, ಗಟ್ಟಿಯಾಗಿ ಮಾತನಾಡುತ್ತ ಮೆಲ್ಲನೆ ಹಿಂದೆ ಸರಿಯಬೇಕು. ಕತ್ತಲಾದ ಮೇಲೆ ಮಕ್ಕಳನ್ನು ಒಬ್ಬೊಬ್ಬರನ್ನೇ ಹೊರಗೆ ಕಳುಹಿಸಬಾರದು. ಹಟ್ಟಿಗೆ ಭದ್ರವಾದ ಬಾಗಿಲಿರಲಿ. ನಾಯಿಯನ್ನು ರಾತ್ರಿ ಅಂಗಳದಲ್ಲಿ ಕಟ್ಟದೆ ಗೂಡಿನಲ್ಲಿಡಿ. ಬಾವಿಗೆ ಎದೆಯೆತ್ತರದ ದಂಡೆ ಕಟ್ಟಿಸಿ. ಹಂದಿಗೆಂದು ತಂತಿಯ ಉರುಳು ಇಡುವುದನ್ನು ಬಿಡಬೇಕು. ಉರುಳಿಗೆ ಸಿಕ್ಕಿದ ಚಿರತೆ ಗಾಯಗೊಂಡ ಚಿರತೆಯೇ. ಅದರ ಹತ್ತಿರ ಹೋಗಬಾರದೆಂಬ ಅಜ್ಜಯ್ಯನ ನಾಲ್ಕನೆಯ ಪಾಠ ಇಲ್ಲಿಯೂ ಸಲ್ಲುತ್ತದೆ. ಬಾವಿಯಲ್ಲಿಯೋ ಉರುಳಿನಲ್ಲಿಯೋ ಮೃಗ ಕಂಡರೆ ಮೊದಲು ಅರಣ್ಯ ಇಲಾಖೆಗೆ ತಿಳಿಸಿ, ಆ ಬಳಿಕ ಜನರನ್ನು ದೂರವಿಡಬೇಕು. ಆ ಹೊತ್ತಿಗೆ ಊರಿಗೆ ಮಾತು ನಡೆಯುವ ಒಬ್ಬ ಹಿರಿಯ ಬೇಕು; ಬೋನಿಗಿಂತ, ಬಲೆಗಿಂತ ಹೆಚ್ಚಿನ ಸಲಕರಣೆ ಅದು.

ಕಂಡ ಚಿರತೆಯನ್ನೆಲ್ಲ ಹಿಡಿದು ದೂರ ಬಿಡಿ ಎಂದು ಒತ್ತಾಯಿಸುವುದೂ ಸರಿಯಲ್ಲ. ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿ 2001ರ ನಂತರ ಹಾಗೆ ಹಿಡಿದು ಬಿಟ್ಟ ಕಾಲದಲ್ಲಿ ಮನುಷ್ಯರ ಮೇಲಿನ ದಾಳಿಗಳು ಕಡಿಮೆಯಾಗುವ ಬದಲು ಹೆಚ್ಚಿದುದನ್ನು ಸಂಶೋಧಕರು ಗುರುತಿಸಿದ್ದಾರೆ. ನೆಲೆ ತಪ್ಪಿದ ಮೃಗ ದಿಕ್ಕು ತಪ್ಪಿದ ಮೃಗವಾಗುತ್ತದೆ.

ನರಭಕ್ಷಕಗಳನ್ನು ಬೇಟೆಯಾಡಿ ಹೆಸರಾದ ಜಿಮ್ ಕಾರ್ಬೆಟ್ ಕೊನೆಗೆ ಕ್ಯಾಮೆರಾ ಹಿಡಿದು, ಕಾಡನ್ನು ಉಳಿಸುವ ಮಾತನಾಡಿದ. ನಮ್ಮ ಅಜ್ಜಯ್ಯನಿಗೆ ಕ್ಯಾಮೆರಾ ಇರಲಿಲ್ಲ. ತಮ್ಮ ಕೊನೆಯ ವರ್ಷಗಳಲ್ಲಿ ಅವರು ಸಂಜೆ ಹೊತ್ತು ಚಾವಡಿಯಲ್ಲಿ ಕುಳಿತು, ಹಾಡಿಯ ಕಡೆಗೆ ಕಿವಿಗೊಟ್ಟು, "ಅಕಾ, ಮುಸುವ ಕೂಗ್ತ್. ಹ್ವಾಯ್, ಮಕ್ಕಳನ್ನ್ ಒಳ್ಗ್ ಕರ್ಕಣಿ" ಎನ್ನುತ್ತಿದ್ದರು. ಗೋಡೆಯ ಮೇಲಿನ ಕೋವಿಯ ಕಡೆಗೆ ಅವರ ಕಣ್ಣೂ ಹೋಗುತ್ತಿರಲಿಲ್ಲ. ಹೊಸ ಬೇಟೆಗಾರನಿಗೆ ನಾನು ಕೊಡಬಹುದಾದ ಸಲಹೆ ಅಷ್ಟೇ: ಮೊದಲು ಕುಳಿತುಕೊಳ್ಳುವುದನ್ನು ಕಲಿಯಲಿ. ಅದನ್ನು ಚೆನ್ನಾಗಿ ಕಲಿತವನಿಗೆ ಉಳಿದದ್ದು ಬೇಕಾಗುವುದಿಲ್ಲ.

(ಬಾನುಲಿ ಭಾಷಣ)